ಕಂಡಕ್ಟಿವಿಟಿ ಮೀಟರ್: ಬಟನ್ ಒತ್ತುವುದು ಕೊನೆಯ ಕೆಲಸ

ದ್ರಾವಣದಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆಯುವುದು ಕಂಡಕ್ಟಿವಿಟಿ ಮೀಟರ್. ಅದರ ಕ್ಯಾಲಿಬ್ರೇಷನ್, ಅಂದರೆ ಅಂಕಿ ಗೊತ್ತಿರುವ ದ್ರಾವಣಕ್ಕೆ ಮೀಟರನ್ನು ಹೊಂದಿಸುವುದು, ಅಂದ ಕೂಡಲೇ ಕೈ ಬಟನ್ ಕಡೆಗೇ ಹೋಗುತ್ತದೆ, ಅಲ್ವಾ? ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ದ್ರಾವಣದಲ್ಲಿ ಅದ್ದುವ ಪ್ರೋಬ್ ಕೊಳಕಾಗಿದ್ದರೂ ಎಷ್ಟೋ ಮೀಟರ್‌ಗಳು ಬೇಡ ಅನ್ನುವುದಿಲ್ಲ, ಆ ತಪ್ಪನ್ನೇ ಸರಿ ಅಂತ ನೆನಪಿಟ್ಟುಕೊಳ್ಳುತ್ತವೆ.

ಮೊದಲು ನೋಡುವುದು ಪ್ರೋಬ್ ಮೇಲೆ ಬರೆದಿರುವ, ಒಳಗಿನ ಪ್ಲೇಟುಗಳ ಅಳತೆ ಮತ್ತು ಅಂತರಕ್ಕೆ ತಕ್ಕ ಅಂಕಿ, ಅಂದರೆ ಸೆಲ್ ಕಾನ್‌ಸ್ಟಂಟ್. ನಲ್ಲಿ ನೀರು, ಬಾವಿ ನೀರಿಗೆ 1.0 ಸಾಕು. ಡಿಸ್ಟಿಲ್ಡ್ ನೀರಿಗೆ 0.1, ತುಂಬಾ ಉಪ್ಪಿರುವ ದ್ರಾವಣಕ್ಕೆ 10. ಮೀಟರ್‌ನ ಸೆಟ್ಟಿಂಗ್ ಇದಕ್ಕೆ ಹೊಂದಿರಬೇಕು.

ಆಮೇಲೆ ಒಣಗಿದ ಪ್ರೋಬನ್ನು ಗಾಳಿಯಲ್ಲೇ ಹಿಡಿದು ನೋಡುತ್ತೇನೆ. ಸೊನ್ನೆ ಬರಬೇಕು. ಬರದಿದ್ದರೆ ಪ್ಲೇಟುಗಳ ನಡುವೆ ತೇವ ಉಳಿದಿರುತ್ತದೆ, ಇಲ್ಲವೇ ಕೇಬಲ್ ತೊಂದರೆ. ಸುಣ್ಣದ ಪದರ ಕಟ್ಟಿದ್ದರೆ ತೆಳು ಆಸಿಡ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆಯುತ್ತೇನೆ. ಜಿಡ್ಡಿಗೆ ಸೋಪಿನ ನೀರು ಸಾಕು. ಕೆಲವು ಪ್ರೋಬ್‌ಗಳ ಪ್ಲೇಟು ಕಪ್ಪಗಿರುತ್ತದೆ. ಅದು ಕೊಳೆಯಲ್ಲ, ಪ್ಲಾಟಿನಂ ಬ್ಲ್ಯಾಕ್ ಲೇಪನ. ಟಿಶ್ಯೂ ತಗೊಂಡು ಉಜ್ಜಿದರೆ ಪ್ರೋಬ್ ಹಾಳು.

ಸ್ಟ್ಯಾಂಡರ್ಡ್ ಆಗಿ, ಅಂದರೆ ಕಂಡಕ್ಟಿವಿಟಿ ಮೊದಲೇ ಗೊತ್ತಿರುವ ದ್ರಾವಣವಾಗಿ, ನಾನು ಜಾಸ್ತಿ ಬಳಸುವುದು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಕಂಡಕ್ಟಿವಿಟಿ ಸೆಂಟಿಮೀಟರಿಗೆ 1413 ಮೈಕ್ರೋಸೀಮೆನ್ಸ್. ಒಳ್ಳೆಯ ತಕ್ಕಡಿ ಇದ್ದರೆ ನಾವೇ ಮಾಡಿಕೊಳ್ಳಬಹುದು: ಓವನ್‌ನಲ್ಲಿ ಒಣಗಿಸಿ ತಣ್ಣಗಾಗಿಸಿದ ಪೊಟ್ಯಾಸಿಯಂ ಕ್ಲೋರೈಡ್ 0.7455 ಗ್ರಾಂ ತೂಗಿ, ಶುದ್ಧ ನೀರಿನಲ್ಲಿ ಕರಗಿಸಿ, ಫ್ಲಾಸ್ಕ್‌ನಲ್ಲಿ 1 ಲೀಟರ್ ಗುರುತಿಗೆ ತುಂಬಿಸುವುದು. ಅಂಥ ತಕ್ಕಡಿ ಇಲ್ಲದಿದ್ದರೆ ಬಾಟಲಿ ಕೊಳ್ಳುವುದೇ ವಾಸಿ.

ಎರಡು ಬೀಕರ್‌ಗೆ ಸ್ಟ್ಯಾಂಡರ್ಡ್ ಹಾಕುತ್ತೇನೆ, ಒಂದು ಪ್ರೋಬ್ ತೊಳೆಯಲು, ಇನ್ನೊಂದು ಅಳೆಯಲು. ಪ್ರೋಬ್‌ಗೆ ಅಂಟಿದ ನಾಲ್ಕು ಹನಿ ನೀರು ಕೂಡ ಸ್ಟ್ಯಾಂಡರ್ಡನ್ನು ತೆಳು ಮಾಡುತ್ತದೆ. ಬಳಸಿದ್ದನ್ನು ಬಾಟಲಿಗೆ ವಾಪಸ್ ಸುರಿಯುವುದಂತೂ ಬೇಡವೇ ಬೇಡ. ಪ್ರೋಬ್‌ನ ಗಾಳಿ ತೂತು ಮುಳುಗುವಷ್ಟು ಇಳಿಸಿ, ಮೆಲ್ಲಗೆ ತಟ್ಟಿ ಗುಳ್ಳೆ ಬಿಡಿಸುತ್ತೇನೆ. ಒಳಗೆ ಒಂದು ಗುಳ್ಳೆ ಕೂತಿದ್ದರೂ ರೀಡಿಂಗ್ ಕಡಿಮೆ ಬರುತ್ತದೆ. ಬೀಕರ್‌ನ ತಳಕ್ಕೋ ಗೋಡೆಗೋ ಪ್ರೋಬ್ ತಾಗಬಾರದು.

ಈಗ ತಾಪಮಾನ. ತಲೆನೋವೆಲ್ಲ ಇರುವುದು ಇಲ್ಲೇ. ಒಂದು ಡಿಗ್ರಿ ಏರಿದರೆ ಕಂಡಕ್ಟಿವಿಟಿ ಸುಮಾರು 2 ಶೇಕಡಾ ಏರುತ್ತದೆ. ಅದೇ 1413ರ ಬಾಟಲಿ 20 ಡಿಗ್ರಿಯಲ್ಲಿ 1278, 30 ಡಿಗ್ರಿಯಲ್ಲಿ ಸುಮಾರು 1552 ತೋರಿಸುತ್ತದೆ. ಬಾಟಲಿಯ ಮೇಲೆ ಈ ಪಟ್ಟಿ ಇರುತ್ತದೆ. ಮೀಟರ್ ತಾನೇ 25 ಡಿಗ್ರಿಗೆ ಲೆಕ್ಕ ಹಾಕಿ ತೋರಿಸುತ್ತಿದ್ದರೆ 1413 ಅಂತಲೇ ಕೊಡಬೇಕು. ಆ ಸೌಲಭ್ಯ ಆಫ್ ಆಗಿದ್ದರೆ ಆಗಿನ ತಾಪಮಾನದ ಬೆಲೆ ಕೊಡಬೇಕು. ಎರಡನ್ನೂ ಬೆರೆಸಿ, ಅದು ಆನ್ ಇರುವಾಗ 30 ಡಿಗ್ರಿಯ 1552 ಕೊಟ್ಟರೆ ಮುಂದಿನ ಎಲ್ಲ ರೀಡಿಂಗೂ ಹತ್ತಿರ ಹತ್ತಿರ 10 ಶೇಕಡಾ ಜಾಸ್ತಿ. ಕೆಲವು ಮೀಟರ್‌ಗಳು ಸ್ಟ್ಯಾಂಡರ್ಡನ್ನು ತಾವೇ ಗುರುತಿಸಿ ಪಟ್ಟಿಯನ್ನೂ ನೋಡಿಕೊಳ್ಳುತ್ತವೆ, ಹಾಗಾಗಿ ಮ್ಯಾನ್ಯುಯಲ್‌ನ ಈ ಒಂದು ಪುಟವನ್ನಾದರೂ ಓದಲೇಬೇಕು. ಒಳಗಿನ ತಾಪಮಾನ ಸೆನ್ಸರ್ ನಿಧಾನ. ಕಂಡಕ್ಟಿವಿಟಿ ಅಂಕಿ ನಿಂತರೂ ಡಿಗ್ರಿ ಅಂಕಿ ನಿಲ್ಲುವ ತನಕ ನಾನು ಕಾಯುತ್ತೇನೆ.

ಆಮೇಲೆ ಬಟನ್. ಮೀಟರ್ ಲೆಕ್ಕ ಹಾಕಿದ ಹೊಸ ಸೆಲ್ ಕಾನ್‌ಸ್ಟಂಟ್ ಬರೆದಿಟ್ಟುಕೊಳ್ಳುತ್ತೇನೆ. ಕಾನ್‌ಸ್ಟಂಟ್ 1.00 ಅಂತ ಇಟ್ಟಾಗ 1413ರ ದ್ರಾವಣ 1380 ತೋರಿಸಿದರೆ ಹೊಸ ಬೆಲೆ 1.024. ಇಷ್ಟು ವ್ಯತ್ಯಾಸ ಮಾಮೂಲು. ಹೋದ ಸಲ 1.02 ಇದ್ದದ್ದು ಈ ಸಲ 1.15 ಆಗಿದ್ದರೆ ಆ ಕ್ಯಾಲಿಬ್ರೇಷನ್ ನಾನು ಒಪ್ಪುವುದಿಲ್ಲ. ಪ್ಲೇಟಿಗೆ ಏನೋ ಅಂಟಿದೆ ಅಥವಾ ಗುಳ್ಳೆ ಇದೆ ಅಂತ ಅರ್ಥ.

ಕೊನೆಗೆ ಕ್ಯಾಲಿಬ್ರೇಷನ್‌ಗೆ ಬಳಸದ ಇನ್ನೊಂದು ಸ್ಟ್ಯಾಂಡರ್ಡ್‌ನಲ್ಲಿ ಅದ್ದಿ ನೋಡುತ್ತೇನೆ. ಗಟ್ಟಿ ದ್ರಾವಣ ಅಳೆಯುವುದಿದ್ದರೆ 12.88 ಮಿಲಿಸೀಮೆನ್ಸ್, ತೆಳು ನೀರಿಗೆ 84 ಮೈಕ್ರೋಸೀಮೆನ್ಸ್. ಈ 84ರದ್ದು ಸ್ವಲ್ಪ ನಾಜೂಕು. ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಅಂಕಿ ನಿಧಾನವಾಗಿ ಮೇಲೇರುತ್ತದೆ. ಅದನ್ನು ಬೀಕರ್‌ಗೆ ಹಾಕಿದ ತಕ್ಷಣ ಅಳೆದು ಚೆಲ್ಲಿಬಿಡುತ್ತೇನೆ.