ಮಂಪರು ಕಡಿಮೆ, ಕಷ್ಟವೂ ಕಡಿಮೆ: ಕೊಲೊನೋಸ್ಕೋಪಿಗೆ ಹೀಗೆ ಸಿದ್ಧರಾಗಿ

ಕೊಲೊನೋಸ್ಕೋಪಿ ಎಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಸಪೂರ ನಳಿಗೆ ತೂರಿಸಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ವೈದ್ಯರು ಚೀಟಿಯಲ್ಲಿ ಅದನ್ನು ಬರೆದ ದಿನವೇ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ: ನೋವಾಗುತ್ತದಾ? ಪ್ರಜ್ಞೆ ತಪ್ಪಿಸುತ್ತಾರಾ? ಕಾಸರಗೋಡಿನ ಒಳನಾಡಿನವರಿಗೆ ಮೂರನೆಯದೂ ಇದೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯದಿಂದ, ಕರುಳು ಖಾಲಿ ಮಾಡಿಸುವ ಭೇದಿಯ ಮದ್ದು ಕುಡಿದುಕೊಂಡು ಆಸ್ಪತ್ರೆಗೆ ತಲಪುವುದು ಹೇಗೆ?

ಪೂರ್ತಿ ಮಂಪರಿನಲ್ಲಿ ಮಾಡಿಸಿಕೊಳ್ಳುವುದೇ ಸುಖ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಆಳವಾದ ಮಂಪರಿಗೆ ಅರಿವಳಿಕೆ ತಜ್ಞರು ಬೇಕು, ಖರ್ಚು ಏರುತ್ತದೆ, ಆಮೇಲೆ 24 ಗಂಟೆ ಬೈಕು, ಕಾರು ಓಡಿಸುವಂತಿಲ್ಲ, ಮುಖ್ಯ ಕಾಗದಪತ್ರಕ್ಕೆ ಸಹಿ ಹಾಕುವಂತಿಲ್ಲ. ಹೃದಯ, ಶ್ವಾಸಕೋಶದ ಕಾಯಿಲೆ ಇರುವ ಹಿರಿಯರಿಗೆ ಉಸಿರು ಮತ್ತು ರಕ್ತದೊತ್ತಡ ಇಳಿಯುವ ಅಪಾಯವೂ ಇರುತ್ತದೆ. ನಾರ್ವೆಯಲ್ಲಿ ಬಹಳ ಮಂದಿ ಈ ಪರೀಕ್ಷೆಯನ್ನು ಎಚ್ಚರವಾಗಿದ್ದೇ ಮಾಡಿಸಿಕೊಳ್ಳುತ್ತಾರೆ. ಅವರೇನು ಹೆಚ್ಚು ಗಟ್ಟಿ ಜನ ಎಂದಲ್ಲ. ಸಿದ್ಧತೆ ಸರಿಯಾಗಿದ್ದು, ಕೋಣೆಯೊಳಗಿನವರು ರೋಗಿಯ ಮಾತಿಗೆ ಕಿವಿಗೊಟ್ಟರೆ ನಮ್ಮ ಊರಿನ ಹೆಚ್ಚಿನವರಿಂದಲೂ ಆಗುತ್ತದೆ. ಇಂಥ ನಳಿಗೆ ಪರೀಕ್ಷೆಗಳು ನಡೆಯುವ ಎಂಡೋಸ್ಕೋಪಿ ಕೋಣೆಯಲ್ಲಿ ನರ್ಸ್ ಆಗಿ ನಿಂತು ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ನೋವು ಎಲ್ಲಿಂದ ಬರುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ಗೊತ್ತಾಗುವುದಿಲ್ಲ. ಚಿಕ್ಕ ಗಂಟು, ಅಂದರೆ ಪಾಲಿಪ್, ತೆಗೆದರೂ ಅರಿವಿಗೆ ಬಾರದು. ನೋಯುವುದು ಕರುಳು ಉಬ್ಬಿದಾಗ ಮತ್ತು ಎಳೆದಂತಾದಾಗ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಎಡ ಕೆಳಹೊಟ್ಟೆಯಲ್ಲಿ ಅದು ಎಸ್ ಆಕಾರದಲ್ಲಿ ಬಳಕುತ್ತದೆ. ನಳಿಗೆಯನ್ನು ಬರೀ ಮುಂದಕ್ಕೆ ತಳ್ಳಿದರೆ ಅಲ್ಲಿ ಸುರುಳಿ ಕಟ್ಟಿ ಕರುಳನ್ನು ಹಿಗ್ಗಿಸುತ್ತದೆ. ಪಳಗಿದ ವೈದ್ಯರು ಸ್ವಲ್ಪ ಮುಂದೆ ಹೋಗಿ, ಹಿಂದಕ್ಕೆ ಎಳೆದು, ಸುರುಳಿ ಬಿಡಿಸುತ್ತಾರೆ. ಲಂಗಕ್ಕೆ ಲಾಡಿ ಪೋಣಿಸುವಾಗ ಬಟ್ಟೆ ಪಿನ್ನಿನ ಮೇಲೆ ನೆರಿಗೆಗಟ್ಟುವ ಹಾಗೆ ಕರುಳು ನಳಿಗೆಯ ಮೇಲೆ ಮಡಚಿಕೊಳ್ಳುತ್ತದೆ. ಹಾಗಾಗಿ ಅಷ್ಟುದ್ದದ ಕರುಳಿನ ತುದಿ ಮುಟ್ಟಲು 70-80 ಸೆಂಟಿಮೀಟರ್ ನಳಿಗೆ ಒಳಗಿದ್ದರೆ ಸಾಕಾಗುತ್ತದೆ.

ದಿನ ಗೊತ್ತು ಮಾಡುವಾಗಲೇ ಕೇಳಿ

ಕರುಳನ್ನು ಅರಳಿಸಿ ನೋಡಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸುತ್ತೀರಾ? ಅದು ಕರುಳಿನಿಂದ ಬೇಗ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಗೆ ಹೋಗುವುದರಿಂದ ಪರೀಕ್ಷೆಯ ನಂತರ ಹೊಟ್ಟೆ ಉಬ್ಬರಿಸಿಕೊಂಡು ಕೂರುವ ಪಾಡಿಲ್ಲ. ಅದಿಲ್ಲದಿದ್ದರೆ, ಒಳಗೆ ಹೋಗುವಾಗ ಗಾಳಿಯ ಬದಲು ನೀರು ಬಿಡುವ ವಿಧಾನ ಇದೆಯೇ? ನೀರು ಕರುಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ, ತಿರುವುಗಳೂ ಸಡಿಲವಾಗುತ್ತವೆ. ಮಂಪರಿಲ್ಲದೆ ಮಾಡುವಾಗ ನೋವು ತಗ್ಗಿಸುವ ಉಪಾಯಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆಯೇ, ದುಬಾರಿ ಯಂತ್ರವೂ ಬೇಕಿಲ್ಲ. ಗರ್ಭಕೋಶ ತೆಗೆಸಿಕೊಂಡವರು, ಕೆಳಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ತೀರಾ ತೆಳ್ಳಗಿನ ಹೆಂಗಸರು ಅದನ್ನು ಮುಂಚೆಯೇ ಹೇಳಬೇಕು. ಅಂಥವರಿಗೆ ತಿರುವು ದಾಟುವುದು ಕಷ್ಟ. ಮಕ್ಕಳಿಗೆ ಬಳಸುವ ಸಪೂರ ನಳಿಗೆ ಸಹಾಯಕ್ಕೆ ಬರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂ ಬೇಡಿ, ಕೇಳಿ ಬರೆದುಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದರೆ ಅದನ್ನೂ ತಿಳಿಸಿ. ಕಬ್ಬಿಣದ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವಾರ ಮೊದಲೇ ಬಿಡಿಸುತ್ತಾರೆ, ಅದು ಮಲವನ್ನು ಕಪ್ಪಾಗಿಸುತ್ತದೆ.

ಊಟ ಮತ್ತು ಮದ್ದು

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಕರುಳು ಶುಚಿಯಾಗಿಲ್ಲದಿದ್ದರೆ ಪರೀಕ್ಷೆ ಎಳೆಯುತ್ತದೆ, ತೊಳೆದು ಹೀರುವ ಕೆಲಸ ಹೆಚ್ಚುತ್ತದೆ, ರೋಗಿ ಸುಸ್ತಾಗುತ್ತಾರೆ. ಕೆಲವೊಮ್ಮೆ ಇನ್ನೊಂದು ದಿನ ಮತ್ತೆ ಮೊದಲಿನಿಂದ.

ಎರಡು ಮೂರು ದಿನ ಮೊದಲೇ ನಾರು, ಬೀಜ, ಸಿಪ್ಪೆ ಇರುವುದನ್ನು ಬಿಡಿ. ಕೆಂಪು ಕುಚ್ಚಲಕ್ಕಿಯ ಬದಲು ಬೆಳ್ತಿಗೆ ಅನ್ನ. ಬಸಳೆ, ನುಗ್ಗೆಸೊಪ್ಪು, ಹಲಸು, ಪೇರಳೆ ಬೇಡ. ಇಡ್ಲಿ, ತಿಳಿಸಾರು ಅನ್ನ, ಮೊಟ್ಟೆ, ಮುಳ್ಳು ಬಿಡಿಸಿದ ಮೀನು ಆಗಬಹುದು. ಹಿಂದಿನ ದಿನ, ವೈದ್ಯರು ಹೇಳಿದ ಹೊತ್ತಿನಿಂದ, ತಿಳಿಯಾದ ದ್ರವ ಮಾತ್ರ: ಸೋಸಿದ ಗಂಜಿತಿಳಿ, ಬೊಂಡದ ನೀರು, ಲಿಂಬೆ ಶರಬತ್ತು, ಹಾಲಿಲ್ಲದ ಚಹಾ. ನಮ್ಮ ಮನೆಗಳಲ್ಲಿ ಹೊಟ್ಟೆಗೆ ತಂಪೆಂದು ಕೊಡುವ ಪುನರ್ಪುಳಿ ಶರಬತ್ತು ಮಾತ್ರ ಬೇಡವೇ ಬೇಡ. ಆ ಕೆಂಪು ಕರುಳಿನಲ್ಲಿ ಉಳಿದರೆ ರಕ್ತವೇ ಎಂಬ ಅನುಮಾನಕ್ಕೆ ದಾರಿ. ಎಲೆಯಡಿಕೆಯೂ ಬೇಡ.

ಭೇದಿಯ ಪುಡಿಯನ್ನು ಎರಡು ಪಾಲಾಗಿ ಕುಡಿಯುವುದು ಈಗಿನ ಪದ್ಧತಿ: ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು. ಕೊನೆಯ ಎರಡು ಗಂಟೆ ಬಾಯಿಗೆ ಏನೂ ಇಲ್ಲ. ನೀರಿನ ಪ್ರಮಾಣ ಪೊಟ್ಟಣದ ಮೇಲೆ ಇದ್ದಂತೆ. ಕದಡಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪುರುಚಿ ಅಷ್ಟು ಹೊಡೆಯುವುದಿಲ್ಲ. ಸ್ಟ್ರಾದಲ್ಲಿ ನಾಲಿಗೆಯ ಹಿಂಭಾಗಕ್ಕೆ ಎಳೆದುಕೊಳ್ಳಿ, ನಡುವೆ ಲಿಂಬೆ ಹೋಳು ಚೀಪಿ ಉಗುಳಿ. ಹತ್ತು ಹದಿನೈದು ನಿಮಿಷಕ್ಕೊಂದು ಲೋಟ. ಓಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದು, ಮತ್ತೆ ಶುರು ಮಾಡಿ. ಪಾಯಿಖಾನೆಯಲ್ಲಿ ತಿಳಿ ಹಳದಿ ನೀರು ಮಾತ್ರ ಹೋಗತೊಡಗಿದರೆ ಕರುಳು ತಯಾರು. ಕಂದು ಬಣ್ಣ, ಚೂರುಗಳು ಕಂಡರೆ ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ.

ದೂರದವರು ಮಧ್ಯಾಹ್ನದ ಹೊತ್ತು ಕೇಳಿ ಪಡೆಯಿರಿ. ಬೆಳಗ್ಗಿನ ಸರದಿಯಾದರೆ ಮುಂಜಾನೆ ನಾಲ್ಕಕ್ಕೆ ಮದ್ದು ಕುಡಿದು ಆರಕ್ಕೆ ಬಸ್ಸು ಹತ್ತಬೇಕಾಗುತ್ತದೆ, ಅದು ಯಾರಿಗೂ ಬೇಡ. ತಲಪಾಡಿ ದಾಟಿ ಮಂಗಳೂರಿಗೇ ಹೋಗುವುದಾದರೆ ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಉಳಿದುಕೊಳ್ಳಬಹುದು. ಇಲ್ಲವಾದರೆ ಬಸ್ಸಿಗಿಂತ ರೈಲು ವಾಸಿ, ಶೌಚಾಲಯವಾದರೂ ಇರುತ್ತದೆ.

ಕೋಣೆಯೊಳಗೆ

"ಸೂಜಿ ಹಾಕಿಡಿ, ಮದ್ದು ಬೇಕಾದರೆ ಮಾತ್ರ ಕೊಡಿ" ಎಂದು ಕೇಳಿಕೊಳ್ಳಬಹುದು. ಕೈಗೆ ಸೂಜಿ ಹಾಕಿಟ್ಟಿದ್ದರೆ ನಡುವೆ ಯಾವ ಗಳಿಗೆಯಲ್ಲಾದರೂ ಸ್ವಲ್ಪ ಮಂಪರಿನ ಮದ್ದು ಮಿಡಾಜೊಲಾಮ್ ಅಥವಾ ನೋವಿನ ಮದ್ದು ಫೆಂಟನಿಲ್ ಕೊಡಲು ಬರುತ್ತದೆ. ಬೇಕು ಎಂದರೆ ಸೋತಂತೆ ಅಲ್ಲ. ಬೇಕೆಂದಾಗ ಸಿಗುತ್ತದೆ ಎಂಬ ಧೈರ್ಯದಿಂದಲೇ ಅರ್ಧ ಬಿಗಿ ಇಳಿಯುತ್ತದೆ.

ಕಾಸರಗೋಡಿನಲ್ಲಿ ಸಿಬ್ಬಂದಿ ಮಲಯಾಳದವರು, ಮಲಗಿದವರು ಕನ್ನಡವೋ ತುಳುವೋ ಆಡುವವರು ಎಂಬುದು ದಿನನಿತ್ಯದ ಸಂಗತಿ. ಎಚ್ಚರವಾಗಿರುವ ರೋಗಿಯ ಮಾತೇ ವೈದ್ಯರಿಗೆ ದಾರಿ ತೋರಬೇಕಾದ ಕಡೆ ಇದನ್ನು ಹಗುರಾಗಿ ಬಿಡಬಾರದು. ಶುರುವಿಗೆ ಮುಂಚೆಯೇ ಕೈಸನ್ನೆ ಗೊತ್ತುಮಾಡಿಕೊಳ್ಳಿ: ಒಂದು ಬೆರಳು ಎತ್ತಿದರೆ ಉಬ್ಬರ, ಎರಡಾದರೆ ನೋವು, ಅಂಗೈ ತೆರೆದರೆ ನಿಲ್ಲಿಸಿ. ಹಾಗೆ ತೋರಿಸಿದೊಡನೆ ನಿಲ್ಲಿಸುವುದು ಕೋಣೆಯಲ್ಲಿರುವವರ ಕರ್ತವ್ಯ.

ಎಡಮಗ್ಗುಲಿಗೆ ಮಲಗಿ, ಮೊಣಕಾಲು ಹೊಟ್ಟೆಯತ್ತ ಮಡಚಿಕೊಳ್ಳಿ. ಹೊದಿಕೆ ಕೇಳಿ ಪಡೆಯಿರಿ, ಎಸಿಯ ಚಳಿಗೆ ಮೈ ಬಿಗಿಯುತ್ತದೆ. ಗುದದ್ವಾರಕ್ಕೆ ಮರಗಟ್ಟಿಸುವ ಜೆಲ್ಲಿ ಹಚ್ಚಿ, ಅದು ಹಿಡಿಯಲು ಕೆಲವು ನಿಮಿಷ ಬಿಡಲಿ. ಮೂಲವ್ಯಾಧಿ ಇದ್ದವರಿಗೆ ಇದರಿಂದ ಬಹಳ ಉಪಕಾರ. ಎಡಗಡೆಯ ತಿರುವಿನಲ್ಲಿ ಹಿಡಿದು ಹಿಂಡಿದಂತೆ ಆದಾಗ ನರ್ಸ್ ಅಂಗೈಯಿಂದ ಹೊಟ್ಟೆಯನ್ನು ಮೆತ್ತಗೆ ಒತ್ತಿ ಹಿಡಿಯುತ್ತಾರೆ, ಸುರುಳಿ ಕಟ್ಟದಿರಲಿ ಎಂದು. ಅಂಗಾತ ತಿರುಗಿ ಎಂದರೆ ತಿರುಗಿ. ಆ ಹೊತ್ತಿಗೆ ಉಸಿರು ಕಟ್ಟಬೇಡಿ; ಮೂಗಿನಿಂದ ಎಳೆದು ಬಾಯಿಯಿಂದ ನಿಧಾನ ಬಿಡಿ. ಗಾಳಿ ಹೋಗುವಂತಾದರೆ ಹೋಗಲಿ, ತಡೆಯಬೇಡಿ, ಅಲ್ಲಿ ಯಾರೂ ನಗುವುದಿಲ್ಲ. ಫೋನಿನಲ್ಲಿ ಇಷ್ಟದ ಹಾಡು ಮೆಲ್ಲಗೆ ಹಾಕಿಸಿಕೊಳ್ಳಬಹುದು.

ತುದಿ ಮುಟ್ಟಿದ ಮೇಲೆ ಕಷ್ಟದ ಭಾಗ ಮುಗಿಯಿತು. ಹಿಂದಕ್ಕೆ ಬರುವಾಗಲೇ ಸರಿಯಾಗಿ ನೋಡುವುದು. ಅದಕ್ಕೆ ಕನಿಷ್ಠ ಆರು ನಿಮಿಷ ಬೇಕು. ಬೇಗ ಮುಗಿಸಿ ಎಂದು ಆಗ ಅವಸರಿಸಬೇಡಿ.

ಮುಗಿದ ಮೇಲೆ

ಮಂಪರು ತೆಗೆದುಕೊಳ್ಳದವರು ಸ್ವಲ್ಪ ಹೊತ್ತಿನಲ್ಲೇ ಎದ್ದು, ಗಂಜಿ ಉಂಡು ಮನೆಗೆ ಹೊರಡಬಹುದು. ಸ್ವಲ್ಪವೇ ಕೊಟ್ಟಿದ್ದರೂ ಜೊತೆಗೆ ಜನ ಬೇಕು. ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತ ಹೋದರೆ, ಜ್ವರ ಬಂದರೆ, ರಕ್ತ ಹೆಚ್ಚಾಗಿ ಹೋದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಕರುಳಿಗೆ ತೂತಾಗುವುದು ಬಲು ಅಪರೂಪ, ಆದರೆ ಹಾಗೇನಾದರೂ ಆದಲ್ಲಿ ತಡಮಾಡುವ ಹಾಗಿಲ್ಲ.

ವರದಿ ಪಡೆಯುವಾಗ, ಮುಂದಿನ ಪರೀಕ್ಷೆ ಯಾವಾಗ ಎಂಬುದರ ಜೊತೆಗೆ ಯಾವ ನಳಿಗೆ, ನೀರೋ ಗಾಳಿಯೋ, ಮದ್ದು ಎಷ್ಟು, ಯಾವ ತಿರುವಿನಲ್ಲಿ ನೋವಾಯಿತು ಎಂಬುದನ್ನೂ ಬರೆಸಿಕೊಳ್ಳಿ. ಮುಂದಿನ ಸಲ ಮಾಡುವವರು ಬೇರೆ ವೈದ್ಯರಾಗಿದ್ದರೆ ಮೊದಲು ಆ ಸಾಲುಗಳನ್ನೇ ಓದಿಸಿ.