ನಾಲ್ಕೇ ಮೈಲಿಯಾದರೂ ತೂಕ ಅಷ್ಟೇ: ಮಧ್ಯಮ ಗಾತ್ರದ ಎಸ್‌ಯುವಿಯಲ್ಲಿ ಭಾರದ ದೋಣಿ ಎಳೆಯುವ ಕ್ರಮ

ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಹತ್ತಿರ, ಟ್ರಾವಿಸ್ ಜಲಾಶಯದ ಆಸುಪಾಸಿನಲ್ಲಿ ಮನೆ ಮಾಡಿಕೊಂಡ ನಮ್ಮವರು ದೋಣಿ ಕೊಳ್ಳುವ ಯೋಚನೆ ಮಾಡಿದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಇದು: "ದೋಣಿ ನಿಲ್ಲಿಸುವ ಜಾಗದಿಂದ ನೀರಿಗೆ ನಾಲ್ಕೇ ಮೈಲಿ, ಅಷ್ಟಕ್ಕೆ ದೊಡ್ಡ ಟ್ರಕ್ ಯಾಕೆ? ಮನೆಯಲ್ಲಿರುವ ಎಸ್‌ಯುವಿಯೇ ಸಾಕು." ಈ ಮಾತು ಅರ್ಧ ನಿಜ. ದಾರಿ ಚಿಕ್ಕದಾದರೆ ಎಂಜಿನ್ನು, ಗೇರ್‌ಬಾಕ್ಸು ಹೆಚ್ಚು ಹೊತ್ತು ಬಿಸಿಯಾಗುವುದಿಲ್ಲ, ನಿಧಾನವಾಗಿ ಹೋಗಬಹುದು, ರಸ್ತೆ ಖಾಲಿಯಿರುವ ಹೊತ್ತನ್ನು ನಾವೇ ಆರಿಸಿಕೊಳ್ಳಬಹುದು. ಆದರೆ ಬ್ರೇಕ್ ಒತ್ತಿದಾಗ ಹಿಂದಿನಿಂದ ನೂಕುವ ತೂಕ, ಹಿಚ್ಚಿನ (ಟ್ರೇಲರ್ ಕಟ್ಟಲು ವಾಹನದ ಹಿಂಬದಿಯಲ್ಲಿರುವ ಕೊಂಡಿ) ಮೇಲೆ ಕೂರುವ ಭಾರ ಮತ್ತು ದೋಣಿಯನ್ನು ನೀರಿನಿಂದ ಮೇಲೆತ್ತುವಾಗ, ದಡದಿಂದ ನೀರಿಗಿಳಿಯುವ ಇಳಿಜಾರು ದಾರಿಯಾದ ರ‍್ಯಾಂಪಿನ ಏರಿನಲ್ಲಿ ಬೇಕಾಗುವ ಎಳೆತ, ಈ ಮೂರೂ ನಾಲ್ಕು ಮೈಲಿಗೂ ನಾನೂರು ಮೈಲಿಗೂ ಒಂದೇ ಆಗಿರುತ್ತವೆ.

ಆದ್ದರಿಂದ ಮೊದಲ ಕೆಲಸ ನಿಜವಾದ ತೂಕವನ್ನು ತಿಳಿದುಕೊಳ್ಳುವುದು. ದೋಣಿಯ ಕೈಪಿಡಿಯಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಒಣ ತೂಕ. ಅದರಲ್ಲಿ ಪೆಟ್ರೋಲ್ ಇಲ್ಲ, ಸಾಮಾನು ಇಲ್ಲ, ಟ್ರೇಲರ್ ಅಂತೂ ಇಲ್ಲವೇ ಇಲ್ಲ. ಉದಾಹರಣೆಗೆ, 21 ಅಡಿಯ ಒಂದು ದೋಣಿಯ ಒಣ ತೂಕ 3,500 ಪೌಂಡ್ ಎಂದಿಟ್ಟುಕೊಳ್ಳಿ. ಟ್ರೇಲರ್‌ಗೆ ಸುಮಾರು 1,000 ಪೌಂಡ್, 40 ಗ್ಯಾಲನ್ ಪೆಟ್ರೋಲ್‌ಗೆ ಸುಮಾರು 245 ಪೌಂಡ್, ಬ್ಯಾಟರಿ, ಲಂಗರು, ಹಗ್ಗ, ಲೈಫ್ ಜಾಕೆಟ್ಟು, ಐಸ್ ಪೆಟ್ಟಿಗೆ ಎಲ್ಲ ಸೇರಿ 250 ಪೌಂಡ್ ಕೂಡಿಸಿದರೆ ಲೆಕ್ಕ 5,000 ಪೌಂಡ್, ಅಂದರೆ ಸುಮಾರು 2,270 ಕಿಲೋ ಮುಟ್ಟುತ್ತದೆ. ಅಂದಾಜಿಗಿಂತ ತೂಕದ ಯಂತ್ರ ಮೇಲು. ಹೆದ್ದಾರಿ ಬದಿಯ ಟ್ರಕ್ ತಂಗುದಾಣಗಳಲ್ಲಿರುವ ಕ್ಯಾಟ್ ಸ್ಕೇಲ್‌ನಲ್ಲಿ ಕೆಲವೇ ಡಾಲರ್ ಕೊಟ್ಟರೆ ಒಂದೊಂದು ಅಚ್ಚಿನ (ಆಕ್ಸಲ್) ಮೇಲಿನ ತೂಕವನ್ನೂ ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ.

ಈ ಅಂಕಿಯನ್ನು ವಾಹನದ ಸಾಮರ್ಥ್ಯದೊಡನೆ ಹೋಲಿಸಬೇಕು. ಇಲ್ಲಿ ಮಾದರಿಯ ಹೆಸರೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಹೋಂಡಾ ಪೈಲಟ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ 5,000 ಪೌಂಡ್ ಮಿತಿಯಿದ್ದರೆ, ಮುಂದಿನ ಚಕ್ರಗಳಷ್ಟೇ ಎಳೆಯುವ ಗಾಡಿಗೆ 3,500 ಪೌಂಡ್. ಟೊಯೋಟಾ ಹೈಲ್ಯಾಂಡರ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ಗಾಡಿ 5,000 ಪೌಂಡ್ ಎಳೆದರೆ ಹೈಬ್ರಿಡ್‌ನ ಮಿತಿ 3,500 ಪೌಂಡ್. ಜೀಪ್ ಗ್ರ್ಯಾಂಡ್ ಚೆರೋಕಿಯ ವಿ6 ಎಂಜಿನ್ನಿಗೆ, ಬೇಕಾದ ಸಲಕರಣೆಗಳಿದ್ದಾಗ, 6,200 ಪೌಂಡ್. ಮೇಲಿನ ಉದಾಹರಣೆಯ ದೋಣಿ ಈ ಕೊನೆಯ ಗಾಡಿಗೆ ಸಲೀಸು, 5,000 ಪೌಂಡಿನ ಗಾಡಿಗೆ ಅಂಚಿನಲ್ಲಿ, 3,500 ಪೌಂಡಿನ ಗಾಡಿಗೆ ಸಾಧ್ಯವೇ ಇಲ್ಲ. ಅಂಚಿನಲ್ಲಿ ನಿಂತವರು ಪೆಟ್ರೋಲನ್ನು ನೀರಿನ ಬಳಿಯೇ ತುಂಬಿಸುವುದು, ಸಾಮಾನನ್ನು ಇನ್ನೊಂದು ಕಾರಿನಲ್ಲಿ ತರುವುದು ಒಳ್ಳೆಯದು.

"ಆ ಮಿತಿ ಇರುವುದು ಘಾಟಿ ಹತ್ತುವವರಿಗೆ, ನಮಗಲ್ಲ" ಎಂಬ ವಾದವೂ ಇದೆ. ಎಳೆಯುವ ಸಾಮರ್ಥ್ಯವನ್ನು ನಿರ್ಧರಿಸುವ, ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ2807 ಮಾನದಂಡದಲ್ಲಿ ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಉದ್ದನೆಯ ಏರನ್ನು ಉರಿಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡೇ ಹತ್ತುವ ಪರೀಕ್ಷೆ ಇರುವುದು ನಿಜ. ಆದರೆ ಅದೇ ಮಾನದಂಡದಲ್ಲಿ ಶೇ 12ರ ಇಳಿಜಾರಿನಲ್ಲಿ ನಿಂತಲ್ಲಿಂದ ಮುಂದಕ್ಕೂ ಹಿಂದಕ್ಕೂ ಮತ್ತೆ ಮತ್ತೆ ಹೊರಡುವ ಪರೀಕ್ಷೆಯೂ ಇದೆ. ದೋಣಿಯ ರ‍್ಯಾಂಪುಗಳ ಇಳಿಜಾರು ಸಾಮಾನ್ಯವಾಗಿ ಶೇ 12ರಿಂದ 15 ಇರುತ್ತದೆ. ಹಾಗಾಗಿ ನಾಲ್ಕು ಮೈಲಿಯ ಪ್ರಯಾಣಕ್ಕೂ ಆ ಮಿತಿ ಪೂರ್ತಿಯಾಗಿ ಅನ್ವಯಿಸುತ್ತದೆ.

ಮೂಕಿಯ ಭಾರ

ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರ್‌ಗೂ ಇದೇ ನಿಯಮ. ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಭಾರ ಮೂಕಿಯ, ಅಂದರೆ ಟ್ರೇಲರ್‌ನ ಮುಂದೆ ಚಾಚಿದ ಕಂಬದ, ಮೂಲಕ ಹಿಚ್ಚಿನ ಮೇಲೆ ಕೂರಬೇಕು. ದೋಣಿಯ ಟ್ರೇಲರ್‌ಗೆ ಇದಕ್ಕಿಂತ ಕಡಿಮೆ ಪ್ರಮಾಣವನ್ನು ಹೇಳುವ ಕಂಪನಿಗಳೂ ಇರುವುದರಿಂದ ನಿಮ್ಮ ವಾಹನದ ಕೈಪಿಡಿಯ ಮಾತೇ ಕೊನೆಯ ಮಾತು. ಭಾರ ತೀರ ಕಡಿಮೆಯಾದರೆ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬೀಸತೊಡಗುತ್ತದೆ. ಹಾಗೆ ಬೀಸಿದಾಗ ಬ್ರೇಕನ್ನು ಜೋರಾಗಿ ತುಳಿಯದೆ, ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ವೇಗ ತಾನಾಗಿ ಇಳಿಯಲು ಬಿಡಬೇಕು.

ಎಸ್‌ಯುವಿಯನ್ನು ಒಂಟಿಯಾಗಿ ಒಮ್ಮೆ, ಟ್ರೇಲರ್ ಕಟ್ಟಿ ಇನ್ನೊಮ್ಮೆ ತೂಗಿಸಿದರೆ, ಎಸ್‌ಯುವಿಯ ಎರಡು ಅಚ್ಚುಗಳ ಮೇಲೆ ಹೆಚ್ಚಾದ ತೂಕವೇ ಮೂಕಿಯ ಭಾರ. ಮೇಲಿನ ಉದಾಹರಣೆಯಲ್ಲಿ ಶೇ 10 ಎಂದರೆ 500 ಪೌಂಡ್. ಇದನ್ನು ವಾಹನ ಹೊರುವ ಭಾರಕ್ಕೆ ಸೇರಿಸಬೇಕೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಜನರೂ ಸಾಮಾನೂ ಸೇರಿ 1,400 ಪೌಂಡ್ ಮೀರಬಾರದೆಂದು ಬರೆದಿದ್ದರೆ, ಐದು ಜನರ 750 ಪೌಂಡ್ ಮತ್ತು ಮೂಕಿಯ 500 ಪೌಂಡ್ ಕಳೆದು ಉಳಿಯುವುದು 150 ಪೌಂಡ್ ಮಾತ್ರ.

ಕಟ್ಟುವುದು ಮತ್ತು ಹೊರಡುವುದು

ಹಿಚ್ಚಿನ ಗುಂಡು ಟ್ರೇಲರ್‌ನ ಕಪ್ಲರ್‌ಗೆ (ಗುಂಡಿನ ಮೇಲೆ ಕೂರುವ ಬಟ್ಟಲು) ಸರಿಯಾದ ಅಳತೆಯದ್ದೇ ಆಗಿರಬೇಕು. 2 ಇಂಚಿನ ಕಪ್ಲರ್‌ಗೆ ಅದಕ್ಕಿಂತ ತುಸು ಚಿಕ್ಕದಾದ 1⅞ ಇಂಚಿನ ಗುಂಡನ್ನು ಹಾಕಿದರೂ ಅದು ಕೂತಂತೆ ಕಾಣುತ್ತದೆ, ಮೊದಲ ಉಬ್ಬಿನಲ್ಲಿ ಎಗರಿಬರುತ್ತದೆ. ಬೀಗ ಹಾಕಿದ ಮೇಲೆ ಮೂಕಿಯ ಜ್ಯಾಕನ್ನು ಎರಡು ಸುತ್ತು ಏರಿಸಿ. ವಾಹನದ ಹಿಂಭಾಗವೂ ಜೊತೆಗೆ ಮೇಲೆದ್ದರೆ ಹಿಡಿತ ಸರಿಯಾಗಿದೆ ಎಂದರ್ಥ. ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಡ್ಡವಾಗಿ ಕತ್ತರಿಯಂತೆ ಹಾಕಿದರೆ, ಕಪ್ಲರ್ ಕಳಚಿದರೂ ಮೂಕಿ ರಸ್ತೆಗೆ ಬಡಿಯದೆ ಸರಪಳಿಯ ತೊಟ್ಟಿಲಲ್ಲಿ ನಿಲ್ಲುತ್ತದೆ.

ಇಷ್ಟು ತೂಕದ ಟ್ರೇಲರ್‌ಗೆ ಸ್ವಂತ ಬ್ರೇಕ್ ಇರಲೇಬೇಕು. ಅನೇಕ ರಾಜ್ಯಗಳ ಕಾನೂನು 3,000 ಪೌಂಡ್ ದಾಟಿದರೆ ಬ್ರೇಕ್ ಕೇಳುತ್ತದೆ. ಟೆಕ್ಸಾಸ್‌ನಲ್ಲಿ ಆ ಗೆರೆ 4,500 ಪೌಂಡ್. ದೋಣಿಯ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಸರ್ಜ್ ಬ್ರೇಕ್ ಇರುತ್ತದೆ: ಎಸ್‌ಯುವಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುವ ಒತ್ತಡವೇ ಅದರ ಹೈಡ್ರಾಲಿಕ್ ಬ್ರೇಕನ್ನು ಹಾಕಿಸುತ್ತದೆ. ಮನೆಯ ಏರು ದಾರಿಯಲ್ಲಿ ರಿವರ್ಸ್ ಹೋಗುವಾಗಲೂ ಅದೇ ಒತ್ತಡ ಬ್ರೇಕನ್ನು ಕಚ್ಚಿಸಬಹುದು. ಅದನ್ನು ತಡೆಯಲು ಐದು ತಂತಿಯ ಕನೆಕ್ಟರ್ ಬೇಕು, ಐದನೆಯ ತಂತಿ ರಿವರ್ಸ್ ದೀಪದಿಂದ ಬರುತ್ತದೆ. ದೋಣಿಯ ಹಿಂಬದಿಯ ಪಟ್ಟಿಗಳನ್ನೂ ಮೂತಿಯ ಸರಪಳಿಯನ್ನೂ ಬಿಗಿದು, ಟೈರಿನ ಗಾಳಿ ನೋಡಿ, ದೀಪಗಳನ್ನು ಪರೀಕ್ಷಿಸಿ ಹೊರಡಿ. ಜಲಾಶಯದ ಸುತ್ತಲಿನ ರಸ್ತೆಗಳು ಏರಿಳಿತದವು, ತಿರುವಿನವು. ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬನ್ನಿ, ಮುಂದಿನ ವಾಹನಕ್ಕೆ ಎಂದಿಗಿಂತ ದುಪ್ಪಟ್ಟು ಅಂತರ ಬಿಡಿ.

ರ‍್ಯಾಂಪಿನಲ್ಲಿ

ಇಡೀ ಪ್ರಯಾಣದಲ್ಲಿ ಎಸ್‌ಯುವಿಗೆ ನಿಜವಾದ ಪರೀಕ್ಷೆ ಇಲ್ಲಿದೆ. ಸಮತಟ್ಟಾದ ರಸ್ತೆಯಲ್ಲಿ 5,000 ಪೌಂಡಿನ ಟ್ರೇಲರನ್ನು ನಿಧಾನವಾಗಿ ಉರುಳಿಸಲು ನೂರು ಪೌಂಡಿನ ಆಸುಪಾಸಿನ ಎಳೆತ ಸಾಕು. ಶೇ 15ರ ರ‍್ಯಾಂಪಿನಲ್ಲಿ ಇಳಿಜಾರಿನ ಪಾಲೇ 750 ಪೌಂಡ್. ಅದರ ಮೇಲೆ, ಮೂತಿ ಮೇಲಾಗಿ ನಿಂತ ಗಾಡಿಯ ಭಾರ ಹಿಂದಿನ ಚಕ್ರಗಳಿಗೆ ಜಾರುತ್ತದೆ, ಮೂಕಿಯೂ ಹಿಂಭಾಗವನ್ನೇ ಒತ್ತುತ್ತದೆ. ಮುಂದಿನ ಚಕ್ರಗಳಿಂದಲೇ ಎಳೆಯುವ ಗಾಡಿ ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ ಸುಮ್ಮನೆ ಚಕ್ರ ತಿರುಗಿಸುತ್ತ ನಿಲ್ಲುವುದು ಇದರಿಂದಲೇ. ಭಾರದ ದೋಣಿಗೆ ನಾಲ್ಕು ಚಕ್ರದ ಎಳೆತವಿರುವ ಗಾಡಿಯನ್ನೇ ಆರಿಸಿ ಎಂದು ನಾನು ಒತ್ತಿ ಹೇಳುವುದೂ ಇದಕ್ಕೇ. ಟ್ರಾವಿಸ್ ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 681 ಅಡಿಯಲ್ಲಿರುತ್ತದೆ. ಬರದ ವರ್ಷಗಳಲ್ಲಿ ಹತ್ತಾರು ಅಡಿ ಇಳಿದು ಕೆಲವು ರ‍್ಯಾಂಪುಗಳು ಮುಚ್ಚಿಬಿಡುತ್ತವೆ. ಹೊರಡುವ ಮುನ್ನ ಅಂದಿನ ಮಟ್ಟ ನೋಡಿಕೊಳ್ಳಬೇಕು.

ರ‍್ಯಾಂಪಿಗೆ ಇಳಿಯುವ ಮೊದಲೇ, ಬೇರೆಯವರಿಗೆ ಅಡ್ಡವಾಗದಂತೆ ಬದಿಯಲ್ಲಿ ನಿಂತು ದೋಣಿಯ ತಳದಲ್ಲಿ ನೀರು ಹೊರಬಿಡುವ ತೂತಿಗೆ ಬೂಚನ್ನು ತಿರುಗಿಸಿ ಹಾಕಿ, ಹಿಂಬದಿಯ ಪಟ್ಟಿಗಳನ್ನು ಬಿಚ್ಚಿ. ಬೂಚು ಹೆಬ್ಬೆರಳಿನಷ್ಟೇ ಇರುವ ಹಿತ್ತಾಳೆಯ ತುಂಡು. ಅದನ್ನು ಮರೆತರೆ ದೋಣಿ ಮುಳುಗುತ್ತದೆ. ಮೂತಿಯ ಪಟ್ಟಿ, ಸರಪಳಿಗಳು ದೋಣಿ ನೀರು ಮುಟ್ಟುವವರೆಗೆ ಹಾಗೆಯೇ ಇರಲಿ. ಹಿಂದಕ್ಕೆ ಹೋಗುವಾಗ ಸ್ಟಿಯರಿಂಗಿನ ಕೆಳತುದಿಯಲ್ಲಿ ಕೈಯಿಡಿ: ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದರಾಯಿತು. ಕಿಟಕಿ ತೆರೆದಿರಲಿ, ಸೀಟ್ ಬೆಲ್ಟ್ ಬಿಚ್ಚಿರಲಿ, ಮಕ್ಕಳು ಗಾಡಿಯಿಂದ ಇಳಿದು ದೂರದಲ್ಲಿ ನಿಂತಿರಲಿ. ಗಾಡಿ ನಿಲ್ಲಿಸಿದ ಕೂಡಲೇ ಪಾರ್ಕಿಂಗ್ ಬ್ರೇಕ್ ಹಾಕಿ, ಜೊತೆಯವರು ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟ ಮೇಲೆಯೇ ಇಳಿಯಬೇಕು.

ಸಂಜೆ ದೋಣಿಯನ್ನು ಮೇಲೆತ್ತುವಾಗ ಟ್ರೇಲರನ್ನು ತೀರ ಆಳಕ್ಕೆ ಇಳಿಸಬಾರದು; ಚಕ್ರದ ಮೇಲಿನ ಮಡ್‌ಗಾರ್ಡ್ ನೀರಿನ ಮೇಲೆ ಕಂಡೂ ಕಾಣದಂತಿರುವಷ್ಟು ಆಳ ಸಾಕು. ದೋಣಿಯ ಮೂತಿಯನ್ನು ವಿಂಚಿನಿಂದ (ಟ್ರೇಲರ್‌ನ ಮುಂದಿರುವ, ಪಟ್ಟಿ ಸುತ್ತಿ ಎಳೆಯುವ ರಾಟೆ) ಪೂರ್ತಿ ಎಳೆದು, ಸರಪಳಿ ಹಾಕಿ, ಆಕ್ಸಿಲರೇಟರನ್ನು ಮೆತ್ತಗೆ ಒತ್ತುತ್ತ ಒಂದೇ ಹದದಲ್ಲಿ ಮೇಲೆ ಬನ್ನಿ. ಮೇಲೆ ಬಂದ ತಕ್ಷಣ ಮೊದಲು ಬೂಚು ತೆಗೆಯಿರಿ. ತಳದಲ್ಲಿ 50 ಗ್ಯಾಲನ್ ನೀರು ನಿಂತಿದ್ದರೆ ಅದು 417 ಪೌಂಡ್, ಬೆಳಿಗ್ಗೆ ತೂಗಿ ನೋಡಿದ ಲೆಕ್ಕದಲ್ಲಿ ಇರದ ತೂಕ. ಟೆಕ್ಸಾಸ್‌ನಲ್ಲಿ ಇದು ಕಾನೂನು ಕೂಡ: ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಂತೆ 2014ರಿಂದ ರಾಜ್ಯದಾದ್ಯಂತ ದೋಣಿಯ ನೀರನ್ನು ಖಾಲಿ ಮಾಡಿಯೇ ಸಾಗಿಸಬೇಕು. ಟ್ರಾವಿಸ್‌ನಲ್ಲಿ ಆ ಜೀವಿ 2017ರಲ್ಲೇ ಕಾಣಿಸಿಕೊಂಡಿದೆ. ಬೂಚು ತೆಗೆದಾಗ ಕಾಂಕ್ರೀಟಿನ ಗೀರುಗಳ ನಡುವೆ ಕಂದು ನೀರು ಕೋಲಿನಂತೆ ಹರಿದು, ಸಣ್ಣಗಾಗಿ, ಕೊನೆಗೆ ತೊಟ್ಟಿಕ್ಕುವವರೆಗೆ ಕಾಯುವ ತಾಳ್ಮೆ ಇರಲಿ.

ಮನೆ ತಲುಪಿದ ಮೇಲೆ ಟ್ರೇಲರ್‌ನ ಚಕ್ರಗಳಿಗೆ ಅಡ್ಡಗಟ್ಟೆ ಕೊಡದೆ ಕಪ್ಲರ್ ಬಿಚ್ಚಬೇಡಿ. ಆಮೇಲೆ ಒಂದೊಂದು ಚಕ್ರದ ನಡುವಿನ ಹಬ್ಬಿನ ಬಳಿ ಅಂಗೈ ಹಿಡಿದು ನೋಡಿ. ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ, ಬೇರಿಂಗಿನ ಗ್ರೀಸ್ ಕೆಡುತ್ತದೆ. ಎಲ್ಲ ಹಬ್ಬುಗಳೂ ಒಂದೇ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಕೈ ಸುಡುವಂತಿದ್ದರೆ, ಆ ಬೇರಿಂಗನ್ನು ಬಿಚ್ಚಿ ನೋಡಿದ ಮೇಲೆಯೇ ಮುಂದಿನ ವಾರದ ಪ್ರಯಾಣ.