ಮುಕ್ಕಾಲು ಮಿಲಿಮೀಟರ್: ಹಳೆಯ ಕೂಲರನ್ನು ಹೊಸ ಮದರ್‌ಬೋರ್ಡಿಗೆ ಕೂರಿಸಿದ ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆಗೆ ಹತ್ತಿರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಮೇಲೆ ತಗಡಿನ ಸೂರು ಇರುವುದರಿಂದ ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗಿನ ಉಷ್ಣತೆ 38 ಡಿಗ್ರಿ ದಾಟುತ್ತದೆ. ಲಗ್ನಪತ್ರಿಕೆಗಳ ಕೆಲಸ ಕೈತುಂಬ ಇದ್ದ ಸಮಯದಲ್ಲೇ, ಹನ್ನೆರಡು ವರ್ಷ ದುಡಿದ ಕೋರ್ ಐ5-2400 ಪ್ರೊಸೆಸರಿನ ಕಂಪ್ಯೂಟರ್ ಯಂತ್ರದ ಮದರ್‌ಬೋರ್ಡ್ ಕೆಟ್ಟಿತು. ಬದಲಿಗೆ ಎಲ್‌ಜಿಎ 1700 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಬೋರ್ಡನ್ನೂ ಡಬ್ಬಿಯಿಲ್ಲದೆ ಬಿಡಿಯಾಗಿ ಸಿಕ್ಕ ಕೋರ್ ಐ3-12100 ಪ್ರೊಸೆಸರನ್ನೂ ತಂದೆ. ಬಿಡಿ ಪ್ರೊಸೆಸರಿನ ಜೊತೆ ಫ್ಯಾನ್ ಬರುವುದಿಲ್ಲ. ಹಳೆಯ ಯಂತ್ರದಲ್ಲಿದ್ದ, ನಾಲ್ಕು ತಾಮ್ರದ ಕೊಳವೆ ಹಾಗೂ 120 ಮಿ.ಮೀ. ಫ್ಯಾನಿನ ಎತ್ತರದ ಕೂಲರ್ (ಪ್ರೊಸೆಸರನ್ನು ತಂಪಾಗಿಡುವ ಸಾಧನ) ಮಾತ್ರ ಗಟ್ಟಿಮುಟ್ಟಾಗಿತ್ತು. ನಮ್ಮ ಸೆಕೆಗೆ ಸಾಮಾನ್ಯ ಚಿಕ್ಕ ಕೂಲರ್ ಸಾಲದೆಂಬುದು ನನಗೆ ಅನುಭವದಿಂದ ಗೊತ್ತಿದ್ದ ಕಾರಣ ಅದನ್ನೇ ಉಳಿಸಿಕೊಳ್ಳಲು ನಿರ್ಧರಿಸಿದೆ. ಆ ಮಾದರಿಗೆ ಹೊಸ ಸಾಕೆಟ್ಟಿನ ಬ್ರಾಕೆಟ್, ಅಂದರೆ ಕೂಲರನ್ನು ಬೋರ್ಡಿಗೆ ಬಿಗಿಯುವ ಪಟ್ಟಿ, ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದರೆ ನಾನು ಖಂಡಿತ ಅದನ್ನೇ ಕೊಳ್ಳುತ್ತಿದ್ದೆ.

2009ರ ಎಲ್‌ಜಿಎ 1156ರಿಂದ ಹಿಡಿದು 2020ರ ಎಲ್‌ಜಿಎ 1200ರವರೆಗೆ ಇಂಟೆಲ್‌ನ ಈ ವರ್ಗದ ಬೋರ್ಡುಗಳಲ್ಲಿ ಕೂಲರಿನ ತೂತುಗಳು 75 ಮಿ.ಮೀ. ಚೌಕದ ನಾಲ್ಕು ಮೂಲೆಗಳಲ್ಲಿ ಇರುತ್ತಿದ್ದವು. 2021ರ ಕೊನೆಯಲ್ಲಿ ಬಂದ ಎಲ್‌ಜಿಎ 1700ರಲ್ಲಿ ಆ ಚೌಕ 78 ಮಿ.ಮೀ. ಆಯಿತು. ಅಂದರೆ ಪ್ರತಿ ತೂತೂ ಎರಡು ದಿಕ್ಕಿನಲ್ಲಿ ಒಂದೂವರೆ ಮಿಲಿಮೀಟರಿನಷ್ಟು, ಓರೆಯಾಗಿ ಅಳೆದರೆ ಸುಮಾರು 2.1 ಮಿ.ಮೀ., ಹೊರಕ್ಕೆ ಸರಿದಿದೆ. ಬ್ರಾಕೆಟ್ಟಿನ ತುದಿಗಳಲ್ಲಿ ಸಾಕಷ್ಟು ಉಕ್ಕು ಉಳಿದಿದ್ದರಿಂದ, ಸಣ್ಣ ದುಂಡು ಅರದಿಂದ ಒಂದೊಂದು ತೂತನ್ನೂ ಮೂಲೆಯ ಕಡೆಗೆ ಉಜ್ಜಿ ಉದ್ದವಾಗಿಸಿದೆ. ಉಕ್ಕಿನ ಪುಡಿಯ ಒಂದು ಕಣ ಸಾಕೆಟ್ಟಿನ ಸೂಕ್ಷ್ಮ ಸಂಪರ್ಕಗಳ ನಡುವೆ ಸೇರಿದರೂ ಬೋರ್ಡ್ ಹಾಳಾಗುವುದರಿಂದ ಈ ಕೆಲಸವನ್ನು ಅಂಗಡಿಯ ಹೊರಗಿನ ಜಗುಲಿಯ ಮೇಲೆ ಮಾಡಿ, ಬ್ರಾಕೆಟ್ಟನ್ನು ತೊಳೆದು ಒಣಗಿಸಿದ ಮೇಲೆಯೇ ಒಳಗೆ ತಂದೆ.

ಬೋರ್ಡಿನ ಹಿಂಬದಿಯ ತಟ್ಟೆಯದು ಬೇರೆಯೇ ತೊಡಕು. ಹಳೆಯ ಸಾಕೆಟ್ಟಿನ ಹಿಂದೆ ಮೂರು ತಿರುಪುಗಳಿದ್ದವು, ಕೂಲರಿನ ತಟ್ಟೆಯನ್ನು ಅವುಗಳಿಗೆ ಹೊಂದುವಂತೆ ಕೊರೆದಿದ್ದರು. ಹೊಸದರಲ್ಲಿ ನಾಲ್ಕು ತಿರುಪುಗಳಿರುವುದರಿಂದ ತಟ್ಟೆ ಸಮನಾಗಿ ಕೂರದೆ ಅಲುಗಾಡಿತು. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಪಕ್ಕದ ಅಂಗಡಿಯಿಂದ 3 ಮಿ.ಮೀ. ದಪ್ಪದ ಹೈಲಮ್ ಷೀಟಿನ ತುಂಡೊಂದನ್ನು ಕೇಳಿ ತಂದೆ. ಹೈಲಮ್ ಬಿರುಸಾದ ವಸ್ತು, ವಿದ್ಯುತ್ತನ್ನೂ ಹರಿಯಗೊಡುವುದಿಲ್ಲ. ಅದರ ನಡುವೆ ಸಾಕೆಟ್ಟಿನ ಉಕ್ಕಿನ ತಟ್ಟೆ ಪೂರ್ತಿ ಅಡಗುವಷ್ಟು ದೊಡ್ಡ ಕಿಂಡಿ ಕತ್ತರಿಸಿ, ಮೂಲೆಗಳಲ್ಲಿ ತೂತು ಕೊರೆದು, 3 ಮಿ.ಮೀ. ಬೋಲ್ಟುಗಳನ್ನು ತೂರಿಸಿದೆ. ಬೋರ್ಡಿನ ಬೆಸುಗೆಯ ತುದಿಗಳಿಗೆ ಷೀಟು ಒತ್ತದಂತೆ ನಡುವೆ ರಬ್ಬರ್ ವಾಷರುಗಳನ್ನು ಇಟ್ಟೆ.

ಎಲ್ಲವೂ ಜೋಡಣೆಯಾಯಿತು, ಬಿಗಿಯಾಗಿಯೂ ಕಂಡಿತು. ಆದರೆ ಯಂತ್ರ ಚಾಲೂ ಮಾಡಿ ಕೆಲಸವಿಲ್ಲದೆ ಬಿಟ್ಟಾಗಲೇ ಪ್ರೊಸೆಸರ್ 58 ಡಿಗ್ರಿ ತೋರಿಸಿತು. ದೊಡ್ಡ ಫ್ಲೆಕ್ಸ್ ಬ್ಯಾನರಿನ ಕಡತ ತೆರೆದು ರಫ್ತು ಮಾಡಲು ಕೊಟ್ಟಾಗ ಒಂದು ನಿಮಿಷದೊಳಗೆ ಅದರ ಗರಿಷ್ಠ ಮಿತಿಯಾದ 100 ಡಿಗ್ರಿ ಮುಟ್ಟಿ ವೇಗ ಕುಸಿಯಿತು. ಕೂಡಲೇ ಯಂತ್ರ ನಿಲ್ಲಿಸಿ ಕೂಲರನ್ನು ನೇರವಾಗಿ ಮೇಲಕ್ಕೆತ್ತಿದೆ. ನಡುವೆ ಇಟ್ಟಿದ್ದ ಅಕ್ಕಿಕಾಳಿನಷ್ಟು ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಶಾಖವನ್ನು ಕೂಲರಿಗೆ ಸಾಗಿಸುವ ಲೇಪ) ತೆಳುವಾಗಿ ಹರಡಿರಬೇಕಾಗಿತ್ತು. ಅದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ದಪ್ಪ ಬಿಲ್ಲೆಯಾಗಿ, ಎತ್ತಿದಾಗ ಎದ್ದ ಎಳೆಗಳೊಂದಿಗೆ, ನಡುವಿನಲ್ಲೇ ಉಳಿದಿತ್ತು. ಸುತ್ತಲಿನ ಲೋಹ ಹೊಸ ಪಾತ್ರೆಯಂತೆ ಶುಭ್ರವಾಗಿತ್ತು. ತಾಮ್ರ ಪ್ರೊಸೆಸರನ್ನು ಒತ್ತಿಯೇ ಇರಲಿಲ್ಲ.

ತೂತುಗಳ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ, ಎತ್ತರದ ವ್ಯತ್ಯಾಸ ಬೀಳುವುದಿಲ್ಲ. ಹೊಸ ಸಾಕೆಟ್ಟಿನಲ್ಲಿ ಪ್ರೊಸೆಸರಿನ ಮೇಲ್ಮೈ ಹಳೆಯದಕ್ಕಿಂತ ಸುಮಾರು 0.7 ಮಿ.ಮೀ. ತಗ್ಗಿನಲ್ಲಿದೆ. ನನ್ನ ಬ್ರಾಕೆಟ್ ನಿಂತಿದ್ದುದು ಹಳೆಯ ಎತ್ತರಕ್ಕೆ ಮಾಡಿದ ನಾಲ್ಕು ಹಿತ್ತಾಳೆಯ ಸ್ಪೇಸರುಗಳ (ಎತ್ತರ ಕಾಯುವ ಗಿಡ್ಡ ಕಾಲುಗಳ) ಮೇಲೆ. ತಿರುಪನ್ನು ಎಷ್ಟೇ ಬಿಗಿದರೂ ಕೂಲರ್ ಆ ಸ್ಪೇಸರುಗಳ ಮಟ್ಟಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಪೇಸ್ಟನ್ನೇ ಹೆಚ್ಚು ತುಂಬಿಸಬಹುದೆಂದು ಗೆಳೆಯರೊಬ್ಬರು ಹೇಳಿದರು. ಅದು ಸರಿಯಲ್ಲ. ಪೇಸ್ಟ್ ಇರುವುದು ಕಣ್ಣಿಗೆ ಕಾಣದ ಒರಟನ್ನು ತುಂಬುವುದಕ್ಕೇ ಹೊರತು ಲೋಹದ ಜಾಗದಲ್ಲಿ ನಿಲ್ಲುವುದಕ್ಕಲ್ಲ.

ಸ್ಪೇಸರುಗಳನ್ನು ಕೈಯಿಂದ ಉಜ್ಜಲು ನನಗೆ ಧೈರ್ಯ ಬರಲಿಲ್ಲ. ಒಂದು ಮೂಲೆ ಹೆಚ್ಚು ತಗ್ಗಿದರೆ ಕೂಲರ್ ಓರೆಯಾಗಿ ಒತ್ತುತ್ತದೆ. ಪಿ.ಬಿ. ರಸ್ತೆಯ ಬದಿಯಲ್ಲಿ ಲೇತ್ ಇಟ್ಟುಕೊಂಡಿರುವ, ಹಿಂದೆ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಹಿರಿಯರ ಬಳಿಗೆ ಹೋದೆ. ಅವರು ನಾಲ್ಕನ್ನೂ ವರ್ನಿಯರಿನಲ್ಲಿ ಅಳೆದು, "ಇವು ಈಗಾಗಲೇ ಒಂದೇ ಸಮ ಇಲ್ಲ ನೋಡ್ರಿ" ಎಂದು ತೋರಿಸಿದರು. ಒಂದು ಸ್ಪೇಸರ್ ಉಳಿದವುಗಳಿಗಿಂತ 0.1 ಮಿ.ಮೀ. ಉದ್ದವಿತ್ತು. ಮೊದಲು ನಾಲ್ಕನ್ನೂ ಒಂದೇ ಅಳತೆಗೆ ತಂದು, ಆಮೇಲೆ 0.7 ಮಿ.ಮೀ. ತೆಗೆದು, ಅಂಚಿನ ಚೂಪನ್ನು ಒರೆಸಿ ಕೊಟ್ಟರು. ಹಿತ್ತಾಳೆ ಬೋರ್ಡಿನ ತಂತಿಗಳನ್ನು ಕೆರೆಯದಂತೆ ಕೆಳಗೆ ಹಾಕುವ ತೆಳು ನೈಲಾನ್ ವಾಷರಿನ ದಪ್ಪವನ್ನೂ ಈ ಲೆಕ್ಕದಲ್ಲಿ ಹಿಡಿಯಬೇಕು ಎಂದು ನೆನಪಿಸಿದವರೂ ಅವರೇ.

ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವದಿಂದ ಎರಡೂ ಮೇಲ್ಮೈ ಒರೆಸಿ, ಹೊಸ ಪೇಸ್ಟ್ ಇಟ್ಟು, ಸ್ಪ್ರಿಂಗ್ ತಿರುಪುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿದೆ. ಚಾಲೂ ಮಾಡುವ ಮೊದಲೇ ಒಮ್ಮೆ ಬಿಚ್ಚಿ ನೋಡಿದೆ. ಈ ಬಾರಿ ಪೇಸ್ಟ್ ಅಂಚಿನವರೆಗೆ ತೆಳ್ಳಗೆ ಹರಡಿ, ನಡುವೆ ತಾಮ್ರದ ಕೊಳವೆಗಳ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಮತ್ತೆ ಒರೆಸಿ, ಪೇಸ್ಟ್ ಹಾಕಿ ಕೂರಿಸಿದೆ. ಅದೇ ಮಧ್ಯಾಹ್ನದ ಸೆಕೆಯಲ್ಲಿ, ಅದೇ ಬ್ಯಾನರಿನ ಕಡತಕ್ಕೆ, ಉಷ್ಣತೆ 68 ಡಿಗ್ರಿಯಲ್ಲಿ ನಿಂತಿತು.

ಮೂರು ತಿಂಗಳ ನಂತರ ಬೋರ್ಡಿನ ಅಂಚಿಗೆ ಉಕ್ಕಿನ ಅಳತೆಪಟ್ಟಿ ಹಿಡಿದು ಬಾಗಿದೆಯೇ ಎಂದು ಪರೀಕ್ಷಿಸಿದೆ, ಬಾಗಿರಲಿಲ್ಲ. ಆದರೂ ಇಷ್ಟು ಭಾರದ ಕೂಲರ್ ನಾನೇ ಮಾಡಿದ ತಟ್ಟೆಯ ಮೇಲೆ ಜೋತುಬೀಳುವುದು ಬೇಡವೆಂದು ಕ್ಯಾಬಿನೆಟ್ಟನ್ನು ಈಗಲೂ ಮಲಗಿಸಿಯೇ ಇಟ್ಟಿದ್ದೇನೆ.